ಹೊಸ್ತಿಲಾಚೆಗಿನ ನಂಬಿಕೆ



ಬಲಿಪೂಜೆಯಲ್ಲಿ ಪಕ್ಕದವರಿಗೆ ಕೈಮುಗಿದು ಶಾಂತಿ ಕೋರುತ್ತೇವೆ. ಅದೇ ಪಕ್ಕದವರು ಮರುದಿನ ಮನೆಗೆ ಬಂದು ಕೈಗಡ ಕೇಳಿದರೆ ಎರಡು ಸಲ ಯೋಚಿಸುತ್ತೇವೆ. ತಪ್ಪೇನಿಲ್ಲ, ಕೊಟ್ಟು ಕೆಟ್ಟವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ.

ಸಮಾಜಶಾಸ್ತ್ರಜ್ಞರು ಹಲವು ದಶಕಗಳಿಂದ ನಾನಾ ದೇಶಗಳ ಜನರಿಗೆ ಒಂದು ಪ್ರಶ್ನೆ ಕೇಳುತ್ತಾ ಬಂದಿದ್ದಾರೆ: ಸಾಮಾನ್ಯವಾಗಿ ಜನರನ್ನು ನಂಬಬಹುದೇ, ಇಲ್ಲವೇ ಎಚ್ಚರದಿಂದ ಇರಬೇಕೇ? ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಹತ್ತು ಜನರಲ್ಲಿ ಆರಕ್ಕಿಂತ ಹೆಚ್ಚು ಮಂದಿ ‘ನಂಬಬಹುದು’ ಎನ್ನುತ್ತಾರೆ. ಬ್ರೆಜಿಲ್, ಕೊಲಂಬಿಯಾಗಳಲ್ಲಿ ಹಾಗೆನ್ನುವವರು ಹತ್ತರಲ್ಲಿ ಒಬ್ಬರೂ ಸಿಗುವುದಿಲ್ಲ. ಈ ಎರಡೂ ಕಥೋಲಿಕರೇ ಹೆಚ್ಚಾಗಿರುವ ನಾಡುಗಳು ಎಂಬುದನ್ನು ನಾವು ಮರೆಮಾಚಬಾರದು. ಸಿರಿವಂತರಿಗೆ ನಂಬುವುದು ಸುಲಭ, ಮೋಸ ಹೋದರೂ ಅವರ ಮನೆಯ ಒಲೆ ಆರದು ಎಂದು ಹೇಳಬಹುದು. ಅದರಲ್ಲಿ ಸತ್ಯವಿದೆ. ಆದರೆ ಹಣ ಮೊದಲೋ ನಂಬಿಕೆ ಮೊದಲೋ ಎಂದು ತಿಳಿಯಬೇಕಾದರೆ ಇಟಲಿಯ ಕಡೆಗೆ ನೋಡಬೇಕು. ಒಂದೇ ಧರ್ಮಸಭೆ, ಒಂದೇ ಬಲಿಪೂಜೆ. ಆದರೂ ಉತ್ತರ ಭಾಗ ಸಿರಿವಂತ, ದಕ್ಷಿಣ ಭಾಗ ಬಡವ.

1955ರಲ್ಲಿ ಎಡ್ವರ್ಡ್ ಬ್ಯಾನ್‌ಫೀಲ್ಡ್ ಎಂಬ ಅಮೆರಿಕದ ವಿದ್ವಾಂಸರು ಹೆಂಡತಿ ಮಕ್ಕಳೊಂದಿಗೆ ದಕ್ಷಿಣ ಇಟಲಿಯ ಬಸಿಲಿಕಾತಾ ಪ್ರಾಂತ್ಯದ ಕಿಯಾರೊಮೊಂತೆ ಎಂಬ ಬೆಟ್ಟದೂರಿನಲ್ಲಿ ಕೆಲವು ತಿಂಗಳು ವಾಸವಾಗಿದ್ದರು. 1958ರಲ್ಲಿ ಅವರು ಬರೆದ ಪುಸ್ತಕದಲ್ಲಿ ಊರಿನ ಹೆಸರು ಬದಲಾಗಿದೆ, ಸಂಗತಿಗಳು ಬದಲಾಗಿಲ್ಲ. ಆ ಊರಿನಲ್ಲಿ ಪತ್ರಿಕೆ ಇರಲಿಲ್ಲ, ಸೇವಾಸಂಘ ಇರಲಿಲ್ಲ. ಆಸ್ಪತ್ರೆ ಗಂಟೆಗಟ್ಟಲೆ ದೂರ. ಹತ್ತಿರ ಒಂದು ಬೇಕೆಂದು ಒಟ್ಟಾಗಿ ಕೇಳಿದವರಿಲ್ಲ.

ನಮ್ಮ ಮನಸ್ಸನ್ನು ಹೆಚ್ಚು ಕಲಕುವುದು ಅಲ್ಲಿಯ ಅನಾಥಾಲಯದ ಸಂಗತಿ. ಹಳೆಯದೊಂದು ಮಠದಲ್ಲಿ ಧರ್ಮಭಗಿನಿಯರು ಹೆಣ್ಣುಮಕ್ಕಳನ್ನು ಸಾಕುತ್ತಿದ್ದರು. ಮಕ್ಕಳು ಅದೇ ಕಡೆಯ ಕುಟುಂಬಗಳವರು. ಕಟ್ಟಡದ ಗೋಡೆಗಳು ಕುಸಿಯುತ್ತಿದ್ದವು. ಊರಿನಲ್ಲಿ ಅರೆಕೆಲಸದ ಗಾರೆಯವರು ಬೇಕಾದಷ್ಟಿದ್ದರು, ಆದರೆ ಒಬ್ಬನೂ ಒಂದು ದಿನದ ಕೆಲಸವನ್ನು ದಾನವಾಗಿ ಕೊಟ್ಟಿರಲಿಲ್ಲ. ಮಕ್ಕಳಿಗೆ ಹೊಟ್ಟೆತುಂಬ ಊಟವಿರಲಿಲ್ಲ, ಆದರೆ ಯಾವ ರೈತನೂ ಯಾವ ಜಮೀನುದಾರನೂ ಒಂದು ಹಂದಿಮರಿಯನ್ನು ಕೊಟ್ಟಿರಲಿಲ್ಲ. ಅವರೇನು ಕ್ರೂರಿಗಳಲ್ಲ. ಸ್ವಂತ ಮಕ್ಕಳಿಗಾಗಿ ಜೀವ ತೇಯುತ್ತಿದ್ದರು. ಮನೆಯ ಹೊಸ್ತಿಲು ದಾಟಿದರೆ ಮಾತ್ರ ಯಾರನ್ನೂ ನಂಬುತ್ತಿರಲಿಲ್ಲ. ಇತರರೂ ಹಾಗೆಯೇ ಎಂದು ಬಲವಾಗಿ ನಂಬಿದ್ದರು.

ನಾವು ಅವರ ಮೇಲೆ ತೀರ್ಪು ಕೊಡುವ ಮುನ್ನ ತಡೆಯೋಣ. ತುಂಡು ಹೊಲ, ಗ್ಯಾರಂಟಿಯಿಲ್ಲದ ಕೂಲಿ, ಮನೆಯ ಯಜಮಾನ ಅಕಾಲದಲ್ಲಿ ಸತ್ತರೆ ಮಕ್ಕಳು ಬೀದಿಗೆ ಬೀಳುವ ಭಯ. ಶತಮಾನಗಳಿಂದ ದೂರದ ಜಮೀನುದಾರರು, ತೆರಿಗೆ ವಸೂಲಿಗೆ ಮಾತ್ರ ಮುಖ ತೋರಿಸುವ ಸರಕಾರ. ಕೆಲವು ಕಡೆ, ಮುಖ್ಯವಾಗಿ ಸಿಸಿಲಿ ದ್ವೀಪದಲ್ಲಿ, ನ್ಯಾಯಾಲಯ ಕೊಡದ ರಕ್ಷಣೆಯನ್ನು ಮಾಫಿಯಾ ಹಣಕ್ಕೆ ಮಾರಿತು. ಇಂಥಲ್ಲಿ ಅಪನಂಬಿಕೆಯೇ ಜಾಣತನವಾಗುತ್ತದೆ. ಬ್ಯಾನ್‌ಫೀಲ್ಡ್ ಜನರ ಮನಸ್ಸನ್ನು ಹೆಚ್ಚು ದೂರಿದರು, ಬಡತನವನ್ನು ಕಡಿಮೆ ದೂರಿದರು ಎಂದು ಅನೇಕರು ಟೀಕಿಸಿದ್ದು ಸರಿಯೇ.

ಆದರೆ ಉತ್ತರವೂ ಮೊದಲಿನಿಂದ ಸಿರಿವಂತವಾಗಿರಲಿಲ್ಲ. ಆಲ್ಪ್ಸ್ ಪರ್ವತದ ಟ್ರೆಂಟಿನೊ ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. 1882ರ ನೆರೆಯಲ್ಲಿ ಹೊಲಗಳು ಕೊಚ್ಚಿಹೋದವು, ರೇಷ್ಮೆಹುಳು ರೋಗಕ್ಕೆ ತುತ್ತಾಗಿತ್ತು, ಜನ ಹಿಂಡುಹಿಂಡಾಗಿ ಅಮೆರಿಕ ಖಂಡಕ್ಕೆ ಹಡಗು ಹತ್ತುತ್ತಿದ್ದರು. ಲೊರೆಂಜೊ ಗ್ವೆತ್ತಿ ಎಂಬ ಹಳ್ಳಿಯ ಗುರುಗಳು ಹೀಗೆ ಹೋದವರ ಲೆಕ್ಕ ಹಾಕುತ್ತಾ ಕುಳಿತರು. ಲೆಕ್ಕ ಮುಗಿಸಿ ಸುಮ್ಮನಾಗಲಿಲ್ಲ. 1890ರಲ್ಲಿ ಬ್ಲೆಜ್ಜೊ ಎಂಬಲ್ಲಿ ಸಹಕಾರಿ ಅಂಗಡಿ, 1892ರಲ್ಲಿ ಹತ್ತಿರದ ಕ್ವಾದ್ರಾದಲ್ಲಿ ಗ್ರಾಮೀಣ ಬ್ಯಾಂಕು ಸ್ಥಾಪಿಸಿದರು. ಕಾರ್ಮಿಕರ ಹಕ್ಕುಗಳ ಬಗ್ಗೆ ಜಗದ್ಗುರು ಹದಿಮೂರನೆಯ ಲಿಯೋ ಅವರ ವಿಶ್ವಪರಿಪತ್ರ ಬಂದದ್ದು 1891ರಲ್ಲಿ. ಗುರುಗಳ ಅಂಗಡಿ ಅದಕ್ಕಿಂತ ಒಂದು ವರ್ಷ ಮುಂಚೆಯೇ ಬಾಗಿಲು ತೆರೆದಿತ್ತು!

ಈ ಬ್ಯಾಂಕಿನ ಕ್ರಮವನ್ನು ಗ್ವೆತ್ತಿ ಸ್ವಾಮಿಯವರು ಜರ್ಮನಿಯಿಂದ ಕಲಿತರು. ಅಲ್ಲಿ ಫ್ರೀಡ್ರಿಷ್ ರೈಫೈಸನ್ ಎಂಬ ಪ್ರೊಟೆಸ್ಟಂಟ್ ಗ್ರಾಮಾಧಿಕಾರಿ 1846-47ರ ಕ್ಷಾಮದಲ್ಲಿ ಹಸಿದವರಿಗೆ ರೊಟ್ಟಿ ಒದಗಿಸುತ್ತಾ, 1864ರ ಹೊತ್ತಿಗೆ ಸಾಲದ ಸಂಘ ಕಟ್ಟಿದ್ದರು. ನಿಯಮ ಸರಳ. ಸಂಘ ಒಂದು ಊರು ಅಥವಾ ಒಂದು ಧರ್ಮಕೇಂದ್ರದ ಗಡಿ ದಾಟಬಾರದು, ಏಕೆಂದರೆ ಸದಸ್ಯರು ಒಬ್ಬರನ್ನೊಬ್ಬರು ಬಲ್ಲವರಾಗಿರಬೇಕು. ಪದಾಧಿಕಾರಿಗಳಿಗೆ ಸಂಬಳವಿಲ್ಲ. ಯಾವ ಕೆಲಸಕ್ಕೆ ಎಂದು ತಿಳಿಸಿಯೇ ಸಾಲ ಪಡೆಯಬೇಕು. ಸಂಘ ಸೋತರೆ ಪ್ರತಿಯೊಬ್ಬನೂ ತನ್ನ ಹೊಲಮನೆ ಸಮೇತ ಹೊಣೆ. ಈ ಕೊನೆಯ ನಿಯಮವನ್ನು ಓದುವಾಗ ನಮಗೂ ಎದೆ ಝಲ್ಲೆನ್ನುತ್ತದೆ. ಆದರೆ ಅದರಿಂದಲೇ ಬಡವನ ಮಾತಿಗೆ ಬೆಲೆ ಬಂತು, ಬಡ್ಡಿಯವನ ಮನೆಗೆ ಹೋಗುವುದು ತಪ್ಪಿತು. ಜನ ಕಣ್ಣು ಮುಚ್ಚಿ ನಂಬಲಿಲ್ಲ; ಲೆಕ್ಕದ ಪುಸ್ತಕ ತೆರೆದಿಟ್ಟು ನಂಬಿದರು. ಇಟಲಿಯ ಒಳಗೂ ಹೀಗೆಯೇ ಆಯಿತು: 1883ರಲ್ಲಿ ಪಾದುವಾ ಬಳಿಯ ಲೊರೆಜ್ಜಾದಲ್ಲಿ ಲಿಯೋನೆ ವೊಲ್ಲೆಂಬೊರ್ಗ್ ಎಂಬ ಯೆಹೂದ್ಯರು, 1890ರಲ್ಲಿ ವೆನಿಸ್ ಬಳಿಯ ಗಂಬರಾರೆಯಲ್ಲಿ ಲೂಯಿಜಿ ಚೆರುತ್ತಿ ಎಂಬ ಗುರುಗಳು ಇಂಥ ಬ್ಯಾಂಕು ತೆರೆದರು.

ಟ್ರೆಂಟಿನೊದ ಹಳ್ಳಿಯ ಅಂಗಡಿಗಳಿಗೆ ಇವತ್ತಿಗೂ ‘ಸಹಕಾರಿ ಕುಟುಂಬ’ ಎಂದೇ ಹೆಸರು. ಕಿಯಾರೊಮೊಂತೆಯಲ್ಲಿ ಹೊಸ್ತಿಲಿಗೆ ನಿಂತುಹೋದ ‘ಕುಟುಂಬ’ ಎಂಬ ಮಾತು ಇಲ್ಲಿ ಊರಿನ ಅಂಗಡಿಯ ಹಲಗೆಯ ಮೇಲೇರಿತು. ಇಟಲಿಯ ಜಿಲ್ಲೆಗಳ ಜೀವನಮಟ್ಟವನ್ನು ಪತ್ರಿಕೆಗಳು ವರ್ಷವರ್ಷ ಅಳೆಯುವಾಗ ಟ್ರೆಂಟೊ ಮೊದಲ ಸಾಲಿನಲ್ಲಿರುವುದು ಸಾಮಾನ್ಯ, ದಕ್ಷಿಣದ ಜಿಲ್ಲೆಗಳು ಕೆಳಸಾಲಿನಲ್ಲಿ.

ರಾಬರ್ಟ್ ಪುಟ್ನಮ್ ಎಂಬ ಮತ್ತೊಬ್ಬ ಅಮೆರಿಕದ ವಿದ್ವಾಂಸರು 1970ರಿಂದ ಇಟಲಿಯ ಪ್ರಾಂತೀಯ ಸರಕಾರಗಳನ್ನು ಇಪ್ಪತ್ತು ವರ್ಷ ಗಮನಿಸಿ 1993ರಲ್ಲಿ ಪುಸ್ತಕ ಬರೆದರು. ಅವರ ತಂಡ ಪ್ರತಿ ಪ್ರಾಂತ್ಯದ ಕಚೇರಿಗೂ ಸಾಮಾನ್ಯ ನಾಗರಿಕನಂತೆ ಮಾಹಿತಿ ಕೇಳಿ ಪತ್ರ ಬರೆಯಿತು. ಉತ್ತರದ ಎಮಿಲಿಯಾ-ರೊಮಾನ್ಯಾದಿಂದ ಬೇಗನೆ ಜವಾಬು ಬಂತು; ದಕ್ಷಿಣದ ಕಲಾಬ್ರಿಯಾದಲ್ಲಿ ಮತ್ತೆ ಮತ್ತೆ ಫೋನು ಮಾಡಿ, ಕೊನೆಗೆ ಖುದ್ದಾಗಿ ಹೋಗಬೇಕಾಯಿತು. ಸಂಘ, ಸಹಕಾರಿ, ವಾದ್ಯವೃಂದ, ಫುಟ್‌ಬಾಲ್ ಕ್ಲಬ್ಬು ಹೆಚ್ಚಿದ್ದ ಕಡೆ ಸರಕಾರವೂ ಚೆನ್ನಾಗಿ ನಡೆಯುತ್ತಿತ್ತು. ನಮಗೆ ಕಹಿಯಾದ ಒಂದು ಮಾತೂ ಅಲ್ಲಿದೆ: ಬಲಿಪೂಜೆಗೆ ಹೆಚ್ಚು ಜನ ಹೋಗುವ ಪ್ರಾಂತ್ಯಗಳಲ್ಲಿ ಇಂಥ ಒಡನಾಟ ಕಡಿಮೆ ಕಂಡಿತು. ಗ್ವೆತ್ತಿ, ಚೆರುತ್ತಿ ಅವರ ಭಾಗಗಳಂಥ ಕಡೆ ದೇವಾಲಯ ತುಂಬುತ್ತಿತ್ತು, ಬ್ಯಾಂಕೂ ನಡೆಯುತ್ತಿತ್ತು ಎಂಬ ಸಮಾಧಾನ ನಮಗಿರಲಿ. ಆದರೆ ಆ ಕಹಿ ಮಾತನ್ನು ನುಂಗಿಯೇ ಮುಂದೆ ಹೋಗೋಣ.

ರೈಫೈಸನ್‌ರ ಸಂಘ ನಮ್ಮ ನಾಡಿಗೂ ಬಂತು. ಮದ್ರಾಸ್ ಸರಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಯೂರೋಪಿನ ಸಂಘಗಳನ್ನು ನೋಡಿ ಬಂದು, 1895 ಮತ್ತು 1897ರಲ್ಲಿ ಕೊಟ್ಟ ವರದಿಯಲ್ಲಿ ನಮ್ಮ ರೈತರಿಗೂ ಒಬ್ಬ ರೈಫೈಸನ್ ಬೇಕೆಂದರು. 1904ರಲ್ಲಿ ಕಾಯಿದೆಯಾಯಿತು. ಮರುವರ್ಷವೇ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನು ಕೂಡಿಸಿ ಸಹಕಾರಿ ಸಂಘ ಕಟ್ಟಿದರು. 1912ರಲ್ಲಿ ಮಂಗಳೂರಿನ ಕಥೋಲಿಕರೂ ಪಿ.ಎಫ್.ಎಕ್ಸ್. ಸಲ್ದಾನ್ಹಾ ಅವರ ಮುಂದಾಳತ್ವದಲ್ಲಿ ತಮ್ಮದೇ ಸಹಕಾರಿ ಸಂಸ್ಥೆ ತೆರೆದರು. ಇಂದು ನಾವು ಎಂ.ಸಿ.ಸಿ. ಬ್ಯಾಂಕ್ ಎಂದು ಕರೆಯುವುದು ಅದನ್ನೇ.