ಹಂಟರ್ ಸಾಹೇಬನ ಪ್ರಶ್ನೆ ಮತ್ತು ನಮ್ಮ ಸಂಪಗಾಂವ ಸೀಮೆ

ಪಾಶ್ಚಾತ್ಯ ದೇಶಗಳ ರಾಜಕೀಯ ವ್ಯಾಖ್ಯಾನಕಾರರು ತಮ್ಮ ನಡುವೆ ಬಾಳುತ್ತಿರುವ ಮುಸಲ್ಮಾನರನ್ನು ಕುರಿತು ಬರೆಯುವಾಗ ಮತ್ತೆ ಮತ್ತೆ ಎತ್ತುವ ಪ್ರಶ್ನೆಯೊಂದುಂಟು: ಇವರ ನಿಷ್ಠೆ ದೇಶಕ್ಕೋ, ಧರ್ಮಕ್ಕೋ? ಇದು 2001ರ ಸೆಪ್ಟೆಂಬರ್ ತಿಂಗಳ ನಂತರ ಹುಟ್ಟಿದ್ದೆಂದು ಪರದೇಶಗಳಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ತಿಳಿದಿದ್ದಾರೆ. ಪ್ರಶ್ನೆಯ ವಯಸ್ಸು ಅದಕ್ಕಿಂತ ಬಹಳ ಹೆಚ್ಚು. ನಮ್ಮ ಸೀಮೆಯ ಚರಿತ್ರೆಯನ್ನು ಎದುರಿಗಿಟ್ಟುಕೊಂಡು ಅದನ್ನು ಪರೀಕ್ಷಿಸಲೂ ಬಹುದು.

1871ರಲ್ಲಿ ಬಂಗಾಳದ ಸಿವಿಲ್ ಅಧಿಕಾರಿ ವಿಲಿಯಂ ವಿಲ್ಸನ್ ಹಂಟರ್ ‘ದಿ ಇಂಡಿಯನ್ ಮುಸಲ್ಮಾನ್ಸ್’ ಎಂಬ ಗ್ರಂಥವನ್ನು ಪ್ರಕಟಿಸಿದನು. ರಾಣಿಯ ವಿರುದ್ಧ ದಂಗೆಯೇಳುವುದು ಇವರಿಗೆ ಅಂತಃಸಾಕ್ಷಿಯ ಕಟ್ಟಳೆಯೇ ಎಂಬ ಪ್ರಶ್ನೆ ಅದರ ಶೀರ್ಷಿಕೆಯಲ್ಲಿಯೇ ಇತ್ತು. ವಾಯವ್ಯ ಗಡಿಯ ವಹಾಬಿ ಹೋರಾಟಗಾರರಿಗೆ ಬಂಗಾಳ, ಬಿಹಾರಗಳಿಂದ ಹಣವೂ ಜನವೂ ಹೋಗುತ್ತಿದ್ದುದು ನಿಜ. ಹಂಟರನಿಗೆ ಸಲ್ಲಬೇಕಾದ ನ್ಯಾಯವನ್ನೂ ಸಲ್ಲಿಸೋಣ: ವಿದ್ಯೆ ಮತ್ತು ನೌಕರಿಗಳಲ್ಲಿ ಮುಸಲ್ಮಾನರಿಗೆ ಆದ ಅನ್ಯಾಯವನ್ನು ಆತ ಅದೇ ಪುಸ್ತಕದಲ್ಲಿ ವಿವರವಾಗಿ ಹೇಳಿದ್ದಾನೆ. ತಾನು ಚೆನ್ನಾಗಿ ಬಲ್ಲದ್ದು ಕೆಳಬಂಗಾಳವನ್ನು ಎಂದೂ ಒಪ್ಪಿದ್ದಾನೆ. ಶೀರ್ಷಿಕೆ ಮಾತ್ರ ಇಡೀ ಭಾರತದ್ದು! ಸೈಯದ್ ಅಹ್ಮದ್ ಖಾನರು ‘ಪಯೋನಿಯರ್’ ಪತ್ರಿಕೆಯಲ್ಲಿ ಇದಕ್ಕೆ ದೀರ್ಘವಾದ ಉತ್ತರ ಬರೆದರು. ಕೆಲವರ ನಡತೆಯನ್ನು ಸಮುದಾಯಕ್ಕೆಲ್ಲ ಹಚ್ಚಬಾರದೆಂಬುದು ಅವರ ಆಕ್ಷೇಪದ ತಿರುಳು.

ಈಗ ನಮ್ಮ ಸೀಮೆಗೆ ಬರೋಣ. ಇಲ್ಲಿ ಸರಕಾರದ ವಿರುದ್ಧ ಎದ್ದವರು ಯಾರು? 1824ರಲ್ಲಿ ಕಿತ್ತೂರಿನ ದೊರೆ ಮಕ್ಕಳಿಲ್ಲದೆ ತೀರಿಕೊಂಡಾಗ ಧಾರವಾಡದ ಕಲೆಕ್ಟರ್ ಥ್ಯಾಕರೆ ದತ್ತಕವನ್ನು ಒಪ್ಪದೆ ಖಜಾನೆಗೆ ಮುದ್ರೆ ಹಾಕಿಸಿದನು. ಅಕ್ಟೋಬರ್ 23ರ ಕಾಳಗದಲ್ಲಿ ಮಡಿದನು. ರಾಣಿ ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣು ಮುಚ್ಚಿದರು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು. 1857ರಲ್ಲಿ ಆಯುಧ ಒಪ್ಪಿಸಲೊಲ್ಲದೆ ಹಲಗಲಿಯ ಬೇಡರು ಕಾದಿದರು. ಮರುವರ್ಷ ನರಗುಂದದ ಬಾಬಾಸಾಹೇಬ ಭಾಸ್ಕರರಾವ ಭಾವೆಯವರು ರಾಮದುರ್ಗದ ಸಮೀಪದ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನನನ್ನು ಕೊಂದರು. ಅಲ್ಲಿಯೂ ದತ್ತಕದ್ದೇ ತಕರಾರು.

ಲಿಂಗವಂತ ರಾಣಿ, ಕುರುಬ ವೀರ, ಬೇಡರ ಪಡೆ, ಬ್ರಾಹ್ಮಣ ಸಂಸ್ಥಾನಿಕ! 1857ರಲ್ಲಿ ಬೆಳಗಾವಿಯಲ್ಲಿ ಸಂಚಿನ ಆರೋಪದ ಮೇಲೆ ಮುಸಲ್ಮಾನ ಮುನ್ಷಿಯೊಬ್ಬನಿಗೆ ಮರಣದಂಡನೆಯಾದದ್ದೂ ಉಂಟು, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಲಿಂಗವಂತರು ಧರ್ಮತಃ ದಂಗೆಯೇಳಲೇಬೇಕೆ ಎಂದು ಕೇಳುವ ಗ್ರಂಥವನ್ನು ಯಾವ ಸಾಹೇಬನೂ ಬರೆದದ್ದನ್ನು ನಾನು ಕಂಡಿಲ್ಲ. ಕಿತ್ತೂರು, ನರಗುಂದಗಳ ದಂಗೆಗೆ ಕಾರಣ ಹುಡುಕುವಾಗ ದತ್ತಕ, ಜಮೀನು, ಮಾನಭಂಗಗಳನ್ನು ಎಣಿಸಿದರು. ಬಂಗಾಳದ ಮುಸಲ್ಮಾನನ ವಿಷಯ ಬಂದಾಗ ಮೊದಲು ಧರ್ಮಗ್ರಂಥದ ಪುಟ ತಿರುವಿದರು. ಮೊದಲನೆಯವರಿಗೆ ಕುಂದುಕೊರತೆಗಳಿದ್ದವು, ಎರಡನೆಯವನಿಗೆ ಸ್ವಭಾವವಿತ್ತು.

ಹತ್ತಿರ ನಿಂತು ನೋಡಿದವರ ಬರವಣಿಗೆ ಬೇರೆಯೇ ಬಗೆಯದು. ಕ್ಯಾಂಪ್‌ಬೆಲ್ ಸಂಪಾದಿಸಿದ 1884ರ ಬೆಳಗಾವಿ ಗ್ಯಾಜೆಟಿಯರ್ ಕೂಡ ಸರಕಾರದ್ದೇ ಪುಸ್ತಕ. ಜಾತಿಗಳ ಗುಣದೋಷಗಳ ಮೇಲೆ ಷರಾ ಬರೆಯುವ ಚಪಲ ಅದಕ್ಕೂ ಕಡಿಮೆಯಿಲ್ಲ. ಆದರೂ ಅದು ಈ ಜಿಲ್ಲೆಯ ಮುಸಲ್ಮಾನರನ್ನು ಕಸಬುಗಳ ಮೂಲಕ ಗುರುತಿಸುತ್ತದೆ. ಅರಳೆ ಹಿಂಜುವ ಪಿಂಜಾರರು, ಹಣ್ಣು ಕಾಯಿ ಮಾರುವ ಬಾಗವಾನರು, ಅತ್ತರು ಮಾರುವ ಅತ್ತಾರರು. ಹೀಗೆ ಎಣಿಸುತ್ತ ಹೋದವನಿಗೆ ‘ಇಡೀ ಮುಸಲ್ಮಾನ’ ಎಂಬ ಒಬ್ಬ ಮನುಷ್ಯ ಎಲ್ಲಿ ಸಿಕ್ಕಾನು?

ಮುಂದಿನ ಶತಮಾನದಲ್ಲಿ ಆ ಒಬ್ಬ ಮನುಷ್ಯನೇ ಮತ್ತೆ ಕಾಣಿಸಿಕೊಂಡನು. 1990ರಲ್ಲಿ ಬರ್ನಾರ್ಡ್ ಲೂಯಿಸ್ ‘ಮುಸ್ಲಿಂ ಕ್ರೋಧ’ದ ಬೇರುಗಳನ್ನು ಕುರಿತು ಅಮೆರಿಕದ ಮಾಸಪತ್ರಿಕೆಯೊಂದರಲ್ಲಿ ಬರೆದರು. 1993ರಲ್ಲಿ ಸ್ಯಾಮ್ಯುಯೆಲ್ ಹಂಟಿಂಗ್ಟನ್ ನಾಗರಿಕತೆಗಳ ಸಂಘರ್ಷದ ವಾದವನ್ನು ಮಂಡಿಸಿದರು. ಎಡ್ವರ್ಡ್ ಸೈದ್ ಇಂಥ ಬರವಣಿಗೆಯ ಕ್ರಮವನ್ನು 1981ರಷ್ಟು ಹಿಂದೆಯೇ ‘ಕವರಿಂಗ್ ಇಸ್ಲಾಂ’ ಪುಸ್ತಕದಲ್ಲಿ ಪ್ರಶ್ನಿಸಿದ್ದರು. ಬಾಂಬು ಹಾಕಿದವರ ಅಪರಾಧವನ್ನು ಯಾರೂ ಹಗುರಾಗಿಸಬೇಕಾಗಿಲ್ಲ. ಆದರೆ ಲಂಡನ್ನಿನ ಬಾಂಗ್ಲಾದೇಶಿ ಹೋಟೆಲಿನವನೂ ಬರ್ಲಿನ್ನಿನ ತುರ್ಕಿ ಕಾರ್ಮಿಕನೂ ಹಂಟರನ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬಂತು.

ನನ್ನ ಹಾಜರಿ ಪುಸ್ತಕದಲ್ಲಿ ನದಾಫ, ಬಾಗವಾನ, ಅತ್ತಾರ, ಮುಜಾವರ ಎಂಬ ಅಡ್ಡಹೆಸರುಗಳು ಪ್ರತಿ ವರ್ಷವೂ ಇರುತ್ತಿದ್ದವು. ಅವರಲ್ಲಿ ಕೆಲವರು ಇಂದು ಇಂಗ್ಲೆಂಡ್, ಅಮೆರಿಕಗಳಲ್ಲಿದ್ದಾರೆ. ಅಲ್ಲಿ ನಿಮ್ಮನ್ನು ಯಾವ ಹೆಸರಿನಿಂದ ಗುರುತಿಸುತ್ತಾರೆ, ನೀವು ಏನು ಉತ್ತರ ಕೊಡುತ್ತೀರಿ ಎಂಬುದನ್ನು ಸಮಯವಾದಾಗ ಬರೆದು ತಿಳಿಸಿರಿ.