ಚನ್ನಪಟ್ಟಣಕ್ಕೆ ಸೆಟಪ್ ಬಾಕ್ಸ್ ಬಂದ ಕಥೆ

ಚನ್ನಪಟ್ಟಣದ ಸುತ್ತಲ ಹಳ್ಳಿಗಳಲ್ಲಿ ಹಳೇ ಹೆಂಚಿನ ಮನೆಗಳ ಮೇಲೆ ಅಲ್ಲೊಂದು ಇಲ್ಲೊಂದು ಕಬ್ಬಿಣದ ಪೈಪು ಇನ್ನೂ ನಿಂತಿದೆ. ಅದರ ತುದಿಯಲ್ಲಿ ಮೀನಿನ ಮುಳ್ಳಿನ ಹಾಗೆ ಅಲ್ಯೂಮಿನಿಯಂ ಕಡ್ಡಿಗಳಿದ್ದವು. ಕಡ್ಡಿಗಳು ಎಂದೋ ಗುಜರಿಗೆ ಹೋದವು. ನಮ್ಮ ಮನೆಯ ಪೈಪಿಗೆ ಈಗ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದೇವೆ.

ಮೂವತ್ತು ದಾಟಿದವರಿಗೆ ಆ ಆಂಟೆನಾದ ಕಷ್ಟ ಗೊತ್ತು. ಅದರ ಮುಖ ಬೆಂಗಳೂರಿನ ಕಡೆಗಿರಬೇಕು. ಒಬ್ಬ ಮೇಲೆ ಹತ್ತಿ ತಿರುಗಿಸಬೇಕು, ಇನ್ನೊಬ್ಬ ಟಿವಿ ಮುಂದೆ ಕೂತು ಕೂಗಬೇಕು.

"ಬತ್ತಾ ಅದಾ?"

"ಒಸಿ ಆ ಕಡೀಕೆ ತಿರ್ಗ್ಸು... ಬಂತು, ಬಂತು... ಹೋಯ್ತು!"

ಪರದೆ ತುಂಬ ಇರುವೆ ಹರಿದಾಡಿದಂತೆ ಚುಕ್ಕೆ. ಆದರೂ ನೋಡುತ್ತಿದ್ದೆವು. ಮುಖ ಕಾಣದಿದ್ದರೆ ದನಿಯಾದರೂ ಕೇಳುತ್ತಿತ್ತು. ಅನಲಾಗ್ ಅಂದರೆ ಇದೇ. ಸಿಗ್ನಲ್ ಕಡಿಮೆಯಾದಷ್ಟೂ ಚಿತ್ರ ಮಸುಕಾಗುತ್ತದೆ, ಒಂದೇ ಸಲ ಸಾಯುವುದಿಲ್ಲ. ಡಿಜಿಟಲ್ ಹಾಗಲ್ಲ. ಬಂದರೆ ಕನ್ನಡಿಯಂಥ ಚಿತ್ರ, ಇಲ್ಲವಾದರೆ ಚೌಕ ಚೌಕವಾಗಿ ಒಡೆದು, ನಿಂತು, ಕೊನೆಗೆ ನೀಲಿ ಪರದೆ.

ಕರ್ನಾಟಕದಲ್ಲಿ ಟಿವಿ ಮೊದಲು ನೋಡಿದವರು ಬೆಂಗಳೂರಿನವರಲ್ಲ, ಬಯಲುಸೀಮೆಯ ಹಳ್ಳಿಗರು. 1975ರ ಆಗಸ್ಟ್ 1ರಂದು ಅಮೆರಿಕದಿಂದ ಒಂದು ವರ್ಷದ ಮಟ್ಟಿಗೆ ಎರವಲು ಪಡೆದ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪ್ರಸಾರ ಶುರುವಾಯಿತು. ನಮ್ಮ ರಾಜ್ಯದಿಂದ ಗುಲ್ಬರ್ಗ, ಬಿಜಾಪುರ, ರಾಯಚೂರು ಜಿಲ್ಲೆಗಳ ಹಳ್ಳಿಗಳಿದ್ದವು. ಊರಿಗೊಂದೇ ಟಿವಿ, ಮುಂದೆ ಊರೆಲ್ಲ ನೆಲದ ಮೇಲೆ. ವರ್ಷ ಮುಗಿಯಿತು, ಉಪಗ್ರಹ ವಾಪಸ್ ಹೋಯಿತು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ಕ್ಕೆ. ನಮ್ಮ ಕಡೆಯ ಪೈಪುಗಳೆಲ್ಲ ಎದ್ದದ್ದು ಆಮೇಲೆ.

ತೊಂಬತ್ತರ ದಶಕದಲ್ಲಿ ಕೇಬಲ್ ಬಂತು. ಯಾರೋ ಒಬ್ಬರು ದೊಡ್ಡ ಛತ್ರಿ ಹಾಕಿ, ಕರೆಂಟ್ ಕಂಬದಿಂದ ಕಂಬಕ್ಕೆ, ತೆಂಗಿನ ಮರದಿಂದ ಮರಕ್ಕೆ ಕಪ್ಪು ವೈರು ಎಳೆದರು. 1994ರಲ್ಲಿ ಉದಯ ಟಿವಿ ಶುರುವಾದ ಮೇಲೆ ಕನೆಕ್ಷನ್ ಇಲ್ಲದ ಮನೆಯೇ ಬಡವರ ಮನೆ ಅನ್ನುವಂತಾಯಿತು.

ಈ ಕೇಬಲ್ಲೂ ಅನಲಾಗ್ ಆಗಿತ್ತು. ವೈರಿನಲ್ಲಿ ಒಂದು ಚಾನೆಲ್‌ಗೆ ಒಂದು ದಾರಿ, ಹಾಗಾಗಿ ಎಂಬತ್ತು ತೊಂಬತ್ತಾದರೆ ಜಾಗ ಮುಗಿಯಿತು. ಡಿಜಿಟಲ್ ಆದರೆ ಒಂದೇ ದಾರಿಯಲ್ಲಿ ಹತ್ತಾರು ಚಾನೆಲ್. ಸರ್ಕಾರ ಹೇಳಿದ್ದು ಇದನ್ನು, ಚಿತ್ರ ಚೆನ್ನಾಗಿ ಬರುತ್ತದೆ ಎಂದೂ ಹೇಳಿತು. ಆದರೆ ನನ್ನ ಪ್ರಕಾರ ಮುಖ್ಯ ಕಾರಣ ಲೆಕ್ಕ. ಊರಲ್ಲಿ ಎಷ್ಟು ಮನೆಗೆ ವೈರು ಹೋಗಿದೆ ಎಂಬುದು ಕೇಬಲ್‌ನವರಿಗೆ ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಚಾನೆಲ್‌ನವರಿಗೂ ತೆರಿಗೆ ಇಲಾಖೆಗೂ ತೋರಿಸುತ್ತಿದ್ದ ಲೆಕ್ಕ ಕಡಿಮೆ. ಬಾಕ್ಸ್ ಬಂದರೆ ಪ್ರತಿ ಮನೆಗೂ ಒಂದು ನಂಬರ್.

2011ರ ಕೊನೆಯಲ್ಲಿ ಕೇಬಲ್ ಕಾಯ್ದೆಗೆ ತಿದ್ದುಪಡಿಯಾಯಿತು. ನಾಲ್ಕು ಹಂತ. ಎರಡನೇ ಹಂತದ 38 ನಗರಗಳಲ್ಲಿ ಬೆಂಗಳೂರೂ ಇತ್ತು, ಮೈಸೂರೂ ಇತ್ತು. ಗಡುವು 2013ರ ಮಾರ್ಚ್ 31. ಎರಡರ ನಡುವೆ ಹೆದ್ದಾರಿ ಮೇಲೆ ಕೂತ ಚನ್ನಪಟ್ಟಣ ಪೇಟೆ ಮೂರನೇ ಹಂತಕ್ಕೆ ಬಿತ್ತು, ಗಡುವು 2015ರ ಡಿಸೆಂಬರ್ 31. ಸುತ್ತಲ ಹಳ್ಳಿಗಳದ್ದು ನಾಲ್ಕನೇ ಹಂತ. 2016ರ ಡಿಸೆಂಬರ್ ಎಂದಿದ್ದನ್ನು 2017ರ ಮಾರ್ಚ್ 31ಕ್ಕೆ ಮುಂದೂಡಿದರು. ಪೇಟೆಯ ನೆಂಟರ ಮನೆಯಲ್ಲಿ ಬಾಕ್ಸ್, ನಮ್ಮಲ್ಲಿ ಬರೀ ವೈರು.

ಬಾಕ್ಸಿನ ದುಡ್ಡು ಯಾರದ್ದು? ಅಮೆರಿಕ 2009ರ ಜೂನ್ 12ರಂದು ಅನಲಾಗ್ ನಿಲ್ಲಿಸುವ ಮುಂಚೆ ಮನೆಗೆ ಎರಡರಂತೆ 40 ಡಾಲರ್‌ನ ಕೂಪನ್ ಕೊಟ್ಟಿತ್ತು. ಬ್ರಿಟನ್ನಿನಲ್ಲಿ ವಯಸ್ಸಾದವರ ಮನೆಗೆ ಹೋಗಿ ಜೋಡಿಸಿಕೊಟ್ಟರು. ನಮ್ಮಲ್ಲಿ ಮನೆಯವರೇ ಕೊಟ್ಟರು. ಗೂಡು ಮಾರಿದ ದುಡ್ಡಲ್ಲಿ ಅಮ್ಮ ಕೊಟ್ಟದ್ದು ನನಗೆ ನೆನಪಿದೆ. ರಸೀದಿ ಕೇಳಿದ್ದಕ್ಕೆ "ಆಮೇಲೆ ಕೊಡ್ತೀನಿ ಬುಡಿ ಅಕ್ಕ" ಅಂದರು. ಆ ರಸೀದಿ ಇವತ್ತಿಗೂ ಬಂದಿಲ್ಲ. ಎರಡು ವರ್ಷಕ್ಕೆ ಕೇಬಲ್‌ನವರು ಬೇರೆ ಕಂಪನಿಗೆ ಬದಲಾದಾಗ ಆ ಬಾಕ್ಸ್ ನಡೆಯುವುದಿಲ್ಲ, ಹೊಸದು ತಗೊಳ್ಳಿ ಎಂದರು. ದುಡ್ಡು ಕೊಟ್ಟ ಬಾಕ್ಸ್ ನಮ್ಮದೋ ಅವರದೋ ಎಂದು ಅಮ್ಮ ಕೇಳಿದ ಪ್ರಶ್ನೆಗೆ ಪತ್ರಿಕೋದ್ಯಮ ಓದಿದ ನನ್ನ ಹತ್ತಿರವೂ ಉತ್ತರವಿರಲಿಲ್ಲ.

2019ರ ಫೆಬ್ರವರಿಯಿಂದ ಟ್ರಾಯ್‌ನ ಹೊಸ ದರ ಬಂತು. ನೂರು ಚಾನೆಲ್‌ವರೆಗೆ ಬರೀ ವೈರಿನ ಬಾಡಿಗೆಯೇ ಹೆಚ್ಚೆಂದರೆ 130 ರೂಪಾಯಿ, ಮೇಲೆ ತೆರಿಗೆ. ಕಾಸಿನ ಚಾನೆಲ್‌ಗೆ ಬೇರೆ. ಬೇಕಾದ್ದಕ್ಕೆ ಮಾತ್ರ ದುಡ್ಡು ಕೊಡಿ ಎಂಬುದು ಕೇಳಲು ಚೆನ್ನಾಗಿತ್ತು. ಪಟ್ಟಿ ಓದಿ ಗುರುತು ಹಾಕುವುದು ಯಾರು? ನಮ್ಮ ಬೀದಿಯಲ್ಲಿ ಕೇಬಲ್‌ನವರೇ ಹಾಕಿಕೊಟ್ಟರು.

ಇಷ್ಟರ ನಡುವೆ ಆ ಪೈಪಿನ ಕಡ್ಡಿಗಳಿಗೆ ಬರುತ್ತಿದ್ದ ಪ್ರಸಾರ ಏನಾಯಿತು? ಪ್ರಸಾರ ಭಾರತಿ ದೇಶದ ಅನಲಾಗ್ ಟವರ್‌ಗಳನ್ನು ಕಂತು ಕಂತಾಗಿ ನಿಲ್ಲಿಸುತ್ತಾ ಬಂದು, ಆಯಕಟ್ಟಿನ ಜಾಗಗಳ ಸುಮಾರು 50 ಬಿಟ್ಟು ಉಳಿದದ್ದನ್ನು 2022ರ ಮಾರ್ಚ್ ಒಳಗೆ ಮುಗಿಸುವುದಾಗಿ ಹೇಳಿತು. ಜಪಾನಿನಲ್ಲಿ ಅನಲಾಗ್ ನಿಂತ ದಿನ ಊರೆಲ್ಲ ಗಡಿಯಾರ ನೋಡುತ್ತಿತ್ತಂತೆ. ನಮ್ಮೂರಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನನಗೂ ಗೊತ್ತಾಗಲಿಲ್ಲ, ಸುದ್ದಿ ಬರೆಯುವುದೇ ನನ್ನ ಕೆಲಸ.

ಉಳಿದಿರುವ ಪುಕ್ಕಟೆ ದಾರಿ ದೂರದರ್ಶನದ ಡಿಟಿಎಚ್. 2004ರ ಡಿಸೆಂಬರ್‌ನಲ್ಲಿ ಡಿಡಿ ಡೈರೆಕ್ಟ್ ಪ್ಲಸ್ ಎಂದು ಶುರುವಾಗಿ ಈಗ ಡಿಡಿ ಫ್ರೀ ಡಿಶ್ ಆಗಿದೆ. ಛತ್ರಿ, ಬಾಕ್ಸ್ ಒಮ್ಮೆ ಕೊಂಡರೆ ತಿಂಗಳ ಬಾಡಿಗೆ ಇಲ್ಲ. ಆದರೆ ಅದರಲ್ಲಿ ಹೆಚ್ಚಿನವು ಹಿಂದಿ ಚಾನೆಲ್‌ಗಳು. ಎರಡನೇ ಬಾಕ್ಸೂ ಕೆಟ್ಟ ಮೇಲೆ ಅಮ್ಮ ಅದನ್ನೇ ಹಾಕಿಸಿಕೊಂಡಿದ್ದಾರೆ. ಸಂಜೆ ಟಿವಿ ಹಾಕಿ, ಒಂದಾದ ಮೇಲೊಂದು ಹಿಂದಿ ದಾಟಿಸುತ್ತಾ, ಚಂದನ ಸಿಗುವವರೆಗೆ ರಿಮೋಟ್ ಒತ್ತುತ್ತಾರೆ. ಜೋರು ಮಳೆ ಬಂದರೆ ಅದೂ ಹೋಗುತ್ತದೆ. ಆಗ ಒಳಗಿನಿಂದ ಕೂಗುತ್ತಾರೆ, "ಮೇಲ್ ಹತ್ತಿ ಒಸಿ ತಿರ್ಗ್ಸೋ ಮಗ."