ಮೂರು ಸಾವಿರ ಮನೆಗೆ ಒಂದೇ ಹಂಡೆ

ಲಂಡನ್ನಿನ ಥೇಮ್ಸ್ ನದಿಯ ಉತ್ತರ ದಂಡೆಯಲ್ಲಿರುವ ಪಿಮ್ಲಿಕೊ ಪ್ರದೇಶದಲ್ಲಿ, ಚರ್ಚಿಲ್ ಗಾರ್ಡನ್ಸ್ ಎಂಬ ವಸತಿ ಸಮುಚ್ಚಯದ ನಡುವೆ, ಗಾಜಿನ ಹೊದಿಕೆಯ ಗೋಪುರವೊಂದು ನಿಂತಿದೆ. ಎತ್ತರ ಸುಮಾರು 41 ಮೀಟರ್. ಅದರಲ್ಲಿ ಗಡಿಯಾರವಿಲ್ಲ, ಗಂಟೆಯೂ ಇಲ್ಲ; ಒಳಗೆ ತುಂಬಿರುವುದು ಬಿಸಿನೀರು. ಸುತ್ತಲಿನ ಮೂರು ಸಾವಿರಕ್ಕೂ ಹೆಚ್ಚು ಮನೆಗಳಿಗೆ ಇದೇ ಹಂಡೆ.

ಚಳಿಗಾಲದಲ್ಲಿ ಮನೆಯನ್ನು ಬೆಚ್ಚಗಿಡುವುದು ಅಲ್ಲಿ ಸುಖದ ಮಾತಲ್ಲ, ಜೀವದ ಮಾತು. ಹಿಂದೆ ಮನೆಮನೆಗೂ ಕಲ್ಲಿದ್ದಲಿನ ಒಲೆಯಿತ್ತು. ಆ ಹೊಗೆಯೇ ಮಂಜಿನೊಡನೆ ಬೆರೆತು 1952ರ ಡಿಸೆಂಬರಿನಲ್ಲಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು.

ಬಾಂಬು ದಾಳಿಯಿಂದ ಜರ್ಜರಿತವಾಗಿದ್ದ ಪಿಮ್ಲಿಕೊದಲ್ಲಿ ಹೊಸ ಮನೆಗಳನ್ನು ಕಟ್ಟಲು 1946ರಲ್ಲಿ ಸ್ಪರ್ಧೆ ನಡೆಯಿತು. ಗೆದ್ದವರು ಫಿಲಿಪ್ ಪೊವೆಲ್ ಮತ್ತು ಹಿಡಾಲ್ಗೊ ಮೋಯಾ, ಇಬ್ಬರೂ ಇಪ್ಪತ್ತೈದರ ಆಸುಪಾಸಿನ ತರುಣರು. ನದಿಯ ಆಚೆ ದಂಡೆಯಲ್ಲಿ ಬ್ಯಾಟರ್ಸಿ ವಿದ್ಯುತ್ ಸ್ಥಾವರವಿತ್ತು. ಇಂಥ ಸ್ಥಾವರಗಳಲ್ಲಿ ಕಲ್ಲಿದ್ದಲಿನ ಶಾಖದ ಅರ್ಧಕ್ಕೂ ಹೆಚ್ಚು ಪಾಲು ವಿದ್ಯುತ್ತಾಗದೆ ವ್ಯರ್ಥವಾಗುತ್ತದೆ. ಹಾಗೆ ಪೋಲಾಗುವ ಶಾಖವನ್ನು ಬಿಸಿನೀರಿನ ರೂಪದಲ್ಲಿ ನದಿಯ ಅಡಿಯಿಂದ ಇತ್ತ ತಂದರೆ? 1950ರಲ್ಲಿ ಆರಂಭವಾದ ಪಿಮ್ಲಿಕೊ ಯೋಜನೆ ಮಾಡಿದ್ದು ಇದನ್ನೇ. ಒಂದು ಪೈಪಿನಲ್ಲಿ ಬಿಸಿನೀರು ಮನೆಗಳತ್ತ ಹೋಗುವುದು. ಶಾಖ ಕೊಟ್ಟು ತಣಿದ ನೀರು ಇನ್ನೊಂದರಲ್ಲಿ ಮರಳುವುದು. ವಿದ್ಯುತ್ತಿಗೆ ಬೇಡಿಕೆ ಬಂದಾಗಲೇ ಬಿಸಿನೀರಿಗೂ ಬರಬೇಕೆಂದಿಲ್ಲವಲ್ಲ. ನಡುವೆ ಕೂಡಿಡಲು ಆ ಗೋಪುರ. ಮನೆಗಳಿಗೆ ಒಲೆಯೂ ಬೇಡ, ಹೊಗೆಗೂಡೂ ಬೇಡ.

1983ರಲ್ಲಿ ಬ್ಯಾಟರ್ಸಿಯ ಬೆಂಕಿ ಆರಿತು. ಆದರೆ ಪಿಮ್ಲಿಕೊ ತಣ್ಣಗಾಗಲಿಲ್ಲ. ಇತ್ತಕಡೆಯ ದಂಡೆಯಲ್ಲೇ ಬಾಯ್ಲರುಗಳು ಆ ಕೆಲಸ ವಹಿಸಿಕೊಂಡವು. ಮುಂದೆ ಗ್ಯಾಸಿನಿಂದ ವಿದ್ಯುತ್ತನ್ನೂ ಶಾಖವನ್ನೂ ಒಟ್ಟಿಗೆ ಕೊಡುವ ಎಂಜಿನುಗಳು ಬಂದವು. 2022ರಲ್ಲಿ ಹಳೆಯ ಸ್ಥಾವರ ಅಂಗಡಿ, ಕಚೇರಿ, ಮನೆಗಳ ತಾಣವಾಗಿ ಮತ್ತೆ ತೆರೆಯಿತು.

ಒಲೆ ಬದಲಿಸುವುದು ಸುಲಭ, ಅದು ಒಂದೇ ಕಡೆ ಇರುತ್ತದೆ. ಪೈಪುಗಳು ಹಾಗಲ್ಲ. ಅವು ರಸ್ತೆಯಡಿ, ಹುಲ್ಲುಹಾಸಿನಡಿ, ಕಟ್ಟಡಗಳ ಒಳಗೆ ಹರಡಿಕೊಂಡಿವೆ. ಸುತ್ತಿದ ಶಾಖರಕ್ಷಕ ಹೊದಿಕೆಗೆ ನೀರು ತಗುಲಿದರೆ ಉಕ್ಕು ಹೊರಗಿನಿಂದ ತುಕ್ಕು ಹಿಡಿಯುತ್ತದೆ. ಎಲ್ಲೋ ಸೋರಿದಷ್ಟಕ್ಕೂ ಹೊಸ ನೀರು ತುಂಬಬೇಕು. ಆ ನೀರಿನೊಡನೆ ಬರುವ ಆಮ್ಲಜನಕ ಒಳಗಿನಿಂದಲೂ ಕೊರೆಯುತ್ತದೆ. ಒಂದು ಸೋರಿಕೆ ಇನ್ನೊಂದನ್ನು ಹುಟ್ಟಿಸುತ್ತದೆ.

ಈಗಿನ ಪೈಪುಗಳು ಕಾರ್ಖಾನೆಯಿಂದಲೇ ದಪ್ಪ ಫೋಮು, ಅದರ ಮೇಲೆ ಪ್ಲಾಸ್ಟಿಕ್ ಕವಚ ತೊಟ್ಟು ಬರುತ್ತವೆ. ಫೋಮಿನೊಳಗೆ ಹುದುಗಿಸಿದ ತಂತಿಗಳು, ತೇವ ತಾಗಿದೊಡನೆ ಸೋರಿಕೆಯ ಸುಳಿವು ಕೊಡುತ್ತವೆ. ಆದರೆ ಅವನ್ನು ಹೂಳಲು ಜನ ವಾಸವಾಗಿರುವ ಬಡಾವಣೆಯನ್ನೇ ಅಗೆಯಬೇಕು. ಬೇಸಿಗೆಯಲ್ಲೂ ಸ್ನಾನಕ್ಕೆ ಬಿಸಿನೀರು ಬೇಕಷ್ಟೆ! ಹೊಸ ಜಾಲ ಸಿದ್ಧವಾಗುವವರೆಗೆ ಹಳೆಯದು ನಡೆಯುತ್ತಿರಬೇಕು, ಇಲ್ಲವೇ ತಾತ್ಕಾಲಿಕ ಬಾಯ್ಲರು ತರಿಸಬೇಕು.

ಇನ್ನು ಖರ್ಚಿನ ಪ್ರಶ್ನೆ. ಆರಂಭದಲ್ಲಿ ಅಲ್ಲಿದ್ದವರೆಲ್ಲ ನಗರಾಡಳಿತದ ಬಾಡಿಗೆದಾರರು. 1980ರ ವಸತಿ ಕಾಯ್ದೆ, ತಾವಿದ್ದ ಮನೆಯನ್ನು ರಿಯಾಯಿತಿ ಬೆಲೆಗೆ ಕೊಳ್ಳುವ ಹಕ್ಕನ್ನು ಅವರಿಗೆ ಕೊಟ್ಟಿತು. ಹಾಗೆ ಫ್ಲ್ಯಾಟು ಕೊಂಡವರು ಕಾನೂನಿನ ಪ್ರಕಾರ ದೀರ್ಘ ಗುತ್ತಿಗೆದಾರರು. ದೊಡ್ಡ ದುರಸ್ತಿ ನಡೆದರೆ ತಮ್ಮ ಪಾಲು ತೆರಬೇಕು. ಅಗ್ಗವಾಗಿ ಕೊಂಡ ಮನೆಯ ಜೊತೆಗೆ ನೆಲದಡಿಯ ಮುಪ್ಪನ್ನೂ ಕೊಂಡಂತಾಯಿತು. ಪಿಂಚಣಿಯಲ್ಲಿ ಬದುಕುವವರಿಗೆ ಇದು ಸಣ್ಣ ಹೊರೆಯಲ್ಲ.

ಹಾಗೆಂದು ಪ್ರತಿ ಮನೆಗೂ ಬೇರೆ ಬಾಯ್ಲರು ಇಟ್ಟುಕೊಳ್ಳುವುದೇ ಲೇಸೆನ್ನಲಾಗದು. ನದಿಯ ನೀರಿನಿಂದಲೋ ಕಾರ್ಖಾನೆಯಿಂದಲೋ ಶಾಖ ಪಡೆಯುವುದಾದರೆ, ಅದನ್ನು ಮನೆಗಳಿಗೆ ಹಂಚಲು ಇಂಥದೇ ಜಾಲ ಬೇಕು. ಬ್ಯಾಟರ್ಸಿ ಹೋದರೂ ಪಿಮ್ಲಿಕೊ ಬೆಚ್ಚಗೆ ಉಳಿದದ್ದು ಪೈಪುಗಳಿದ್ದುದರಿಂದಲೇ. ಅವೂ ಒಂದು ದಿನ ಸವೆಯುತ್ತವೆಂದು ಲೆಕ್ಕ ಹಾಕಿ, ಹೂಳಿದ ದಿನದಿಂದಲೇ ವರ್ಷವರ್ಷವೂ ಅಷ್ಟಿಷ್ಟು ಹಣ ಎತ್ತಿಡುವುದು ಜಾಣತನ. ಹಾಗೆ ಮಾಡದಿದ್ದರೆ ಅಜ್ಜನ ಕಾಲದ ಬೆಚ್ಚನೆಗೆ ಮೊಮ್ಮಗ ಒಂದೇ ಕಂತಿನಲ್ಲಿ ಹಣ ಕಟ್ಟಬೇಕಾಗುತ್ತದೆ.